ಧಾರವಾಡ ಸಪ್ತಾಪುರದ ಬೋರ್ಡಿಲ್ಲದ ಪ್ರಬಂಧ ಕ್ಲಾಸು: ಹೋಗಬೇಕಾ, ಬೇಡವಾ?

ಮೊದಲೇ ಹೇಳಿಬಿಡುತ್ತೇನೆ. ಹತ್ತು ದಿನದಲ್ಲಿ ಪರೀಕ್ಷೆ ಇದೆ, ನೋಟ್ಸ್ ಬೇಕು, ಮಾದರಿ ಉತ್ತರ ಬೇಕು ಅನ್ನುವವರು ಈ ಕ್ಲಾಸಿಗೆ ಹೋಗಬೇಡಿ. ಇಲ್ಲಿ ನೋಟ್ಸ್ ಕೊಡುವುದಿಲ್ಲ. ಕೇಳಿದರೆ ಸರ್ ಕಿಟಕಿಯಿಂದ ಕೆಳಗಿನ ಝೆರಾಕ್ಸ್ ಅಂಗಡಿ ತೋರಿಸಿ, "ಅಲ್ಲಿ ಬೇಕಾದಷ್ಟು ಸಿಗ್ತಾವು, ಕಿಲೋ ಲೆಕ್ಕದಾಗ ತಗೊಂಡ ಹೋಗ್ರಿ" ಅನ್ನುತ್ತಾರೆ. ಸಪ್ತಾಪುರ ನೋಡಿದವರಿಗೆ ಈ ಮಾತು ಎಷ್ಟು ನಿಜ ಅಂತ ಗೊತ್ತು. ಒಂದೇ ಕಟ್ಟಡದಲ್ಲಿ ಕೆಳಗೆ ಖಾನಾವಳಿ, ಮೇಲೆ ಪಿಎಸ್‌ಐ ಕೋಚಿಂಗ್, ಅದರ ಮೇಲೆ ಎಫ್‌ಡಿಎ, ತುದಿಗೆ ರೀಡಿಂಗ್ ರೂಮು. ಗೋಡೆ ತುಂಬಾ ಪಾಸಾದವರ ಫೋಟೋ. ಇಷ್ಟರ ನಡುವೆ ಒಂದು ಬೋರ್ಡೂ ಇಲ್ಲದ ಕ್ಲಾಸು ಇದೆ ಅಂದರೆ ಯಾರಿಗೆ ಗೊತ್ತಾಗಬೇಕು? ನನಗೂ ರೀಡಿಂಗ್ ರೂಮಿನಲ್ಲಿ ಪಕ್ಕ ಕೂರುತ್ತಿದ್ದ ಒಬ್ಬ ಅಕ್ಕ ಹೇಳಿದ್ದರಿಂದಲೇ ಗೊತ್ತಾಗಿದ್ದು.

ಕಲಿಸುವವರು ನಿವೃತ್ತ ಪಿಯು ಕನ್ನಡ ಉಪನ್ಯಾಸಕರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಎಂಟು ಭಾನುವಾರ, ಬೆಳಿಗ್ಗೆ ಹನ್ನೊಂದರಿಂದ ಒಂದು ಗಂಟೆ. ಫೀ 2,400 ರೂಪಾಯಿ, ಎರಡು ಕಂತಿನಲ್ಲಿ ಕೊಡಬಹುದು. ನಮ್ಮ ಬ್ಯಾಚಿನಲ್ಲಿ 12 ಜನ ಇದ್ದೆವು. ನಾನು ಎಂಎ ಕನ್ನಡ ಮೊದಲ ವರ್ಷ. ಊರು ಗದಗ, ಇರುವುದು ಹುಬ್ಬಳ್ಳಿ ವಿದ್ಯಾನಗರದ ಅತ್ತೆ ಮನೆಯಲ್ಲಿ. ಚಿಗರಿ ಬಸ್ಸಿನಲ್ಲಿ ಜುಬಿಲಿ ಸರ್ಕಲ್‌ವರೆಗೆ ಬಂದು ಅಲ್ಲಿಂದ ನಡೆದು ಹೋಗುತ್ತಿದ್ದೆ. ಭಾನುವಾರ ಬೆಳಿಗ್ಗೆ ಚಿಗರಿ ಖಾಲಿ ಇರುತ್ತದೆ, ಕೂತು ಓದಬಹುದು.

ಯಾಕೆ ಸೇರಿದೆ ಅಂತ ಹೇಳದೆ ಹೋದರೆ ಈ ರಿವ್ಯೂಗೆ ಅರ್ಥ ಇರುವುದಿಲ್ಲ. ಇಂಟರ್ನಲ್ ಪರೀಕ್ಷೆಗೆ ಕುಮಾರವ್ಯಾಸನ ಮೇಲೆ ಪ್ರಬಂಧ ಬರೆಯಬೇಕಿತ್ತು. ನಾನು ಗದಗಿನವಳು! ವೀರನಾರಾಯಣ ಗುಡಿಗೆ ಚಿಕ್ಕಂದಿನಿಂದ ಹೋದವಳು. ಮನೆಗೆ ಯಾರೇ ನೆಂಟರು ಬಂದರೂ ಅವರನ್ನು ಕರೆದುಕೊಂಡು ಹೋಗಿ, ಅವನು ಕೂತು ಭಾರತ ಬರೆದ ಅನ್ನುವ ಕುಮಾರವ್ಯಾಸನ ಕಂಬ ತೋರಿಸುವುದು ನನ್ನದೇ ಕೆಲಸ. ಐದು ಪುಟ ಬರೆದೆ, ಅಕ್ಷರ ಮುತ್ತಿನ ಹಾಗೆ. 20ಕ್ಕೆ 9 ಬಂತು. ಕೊನೆಯಲ್ಲಿ ಒಂದೇ ಸಾಲು: "ಇನ್ನೂ ವಿಶ್ಲೇಷಣೆ ಬೇಕು." ವಿಶ್ಲೇಷಣೆ ಬೇಕು, ಸರಿ. ಹಾಗಂದರೆ ಏನು? ಒಂದನೇ ಇಯತ್ತೆಯಿಂದ ಎಂಎವರೆಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಟ್ಟದ್ದು ಆಯ್ಕೆ, ಸಂದರ್ಭ, ಸ್ವಾರಸ್ಯ. ಆ ಸ್ವಾರಸ್ಯದಲ್ಲಿ ಏನು ಬರೆಯುತ್ತಿದ್ದೆವು ನೆನಪಿದೆಯಾ? "ಕವಿಯು ಇಲ್ಲಿ ತಾಯಿಯ ಪ್ರೀತಿಯನ್ನು ಮನೋಜ್ಞವಾಗಿ ವರ್ಣಿಸಿದ್ದಾರೆ." ತಾಯಿ ತೆಗೆದು ಪ್ರಕೃತಿ ಹಾಕಿದರೆ ಇನ್ನೊಂದು ಪದ್ಯಕ್ಕೆ ಉತ್ತರ ರೆಡಿ. ಮನೋಜ್ಞ ಬೇಸರವಾದರೆ ಮಾರ್ಮಿಕ, ಅದೂ ಬೇಸರವಾದರೆ ಹೃದಯಂಗಮ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ನನಗೆ 125ಕ್ಕೆ 123 ಬಂದದ್ದು ಇದೇ ಮೂರು ಶಬ್ದಗಳ ಬಲದಿಂದ.

ಮೊದಲ ಭಾನುವಾರ ಕಾವ್ಯ ಗೀವ್ಯ ಏನೂ ಇಲ್ಲ. ಸರ್ ಕರಿಹಲಗೆಯ ಮೇಲೆ ನಾಲ್ಕು ಶಬ್ದ ಬರೆದರು. ಇಂದು ನಗದು, ನಾಳೆ ಉದ್ರಿ. ನಮ್ಮ ಕಡೆ ಕಿರಾಣಿ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ ತೂಗುಹಾಕಿರುತ್ತಾರಲ್ಲ, ಆ ಬೋರ್ಡೇ. ಇದರ ಬಗ್ಗೆ ಹತ್ತು ಸಾಲು ಬರೆಯಿರಿ ಅಂದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. 2,400 ಹೋಯಿತು ಅಂತಲೇ ನಾನು ಅಂದುಕೊಂಡೆ. ಸಾಲ ಮಾಡಬಾರದು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಏನೋ ಬರೆದೆ. ಉಳಿದವರೂ ಹಾಗೇ. ಸರ್ ಎಲ್ಲ ಓದಿ, "ಇದು ಸಾಲದ ಬಗ್ಗೆ ಆತು. ಬೋರ್ಡಿನ ಬಗ್ಗೆ ಯಾರ ಬರದೀರಿ?" ಅಂದರು.

ಆಮೇಲೆ ಅವರೇ ಒಂದೊಂದಾಗಿ ಕೇಳುತ್ತಾ ಹೋದರು. ಉದ್ರಿ ಇಲ್ಲ ಅಂತ ನೇರವಾಗಿ ಯಾಕೆ ಬರೆದಿಲ್ಲ? ಬರೆದಿದ್ದರೆ ಗಿರಾಕಿಗೆ ಬೇಜಾರು. ಇಲ್ಲಿ ಅಂಗಡಿಯವ ಇಲ್ಲ ಅಂದಿಲ್ಲ, ಕೊಡುತ್ತೇನೆ ಅಂತಲೇ ಅಂದಿದ್ದಾನೆ. ಯಾವಾಗ? ನಾಳೆ. ನಾಳೆ ಅಂದರೆ ಯಾವತ್ತು? ಬೋರ್ಡು ಬರೆದ ದಿನದ ಮರುದಿನವಾ, ಓದಿದ ದಿನದ ಮರುದಿನವಾ? ಬೋರ್ಡು ದಿನಾ ಅಲ್ಲೇ ತೂಗುತ್ತಿರುತ್ತದೆ. ನೀವು ಯಾವತ್ತು ಓದಿದರೂ ಅವತ್ತೇ 'ಇಂದು'. ಅಂದರೆ ಈ ಬೋರ್ಡಿನಲ್ಲಿ ನಾಳೆ ಅನ್ನುವುದು ಬರುವುದೇ ಇಲ್ಲ. ಒಂದು ಸಲವೂ ಇಲ್ಲ ಅನ್ನದೆ ದಿನಾ ಇಲ್ಲ ಅನ್ನುವ ಬೋರ್ಡು ಅದು. ನಾಲ್ಕು ಶಬ್ದದ ಮೇಲೆ ನಲವತ್ತು ನಿಮಿಷ ಮಾತಾಡಿದೆವು. ಹುಟ್ಟಿದಾಗಿನಿಂದ ನೋಡುತ್ತಾ ಬಂದ ಬೋರ್ಡನ್ನು ನಾನು ಒಂದು ಸಲವೂ ಓದಿರಲಿಲ್ಲ ಅಂತ ಅವತ್ತು ಬಸ್ಸಿನಲ್ಲಿ ಅನಿಸಿತು. ಮನೆಗೆ ಬಂದು ಅತ್ತೆಗೆ ಹೇಳಿದರೆ, "ಇದಕ್ಕ ರೊಕ್ಕ ಕೊಟ್ಟಿಯೇನ?" ಅಂದರು.

ಎರಡನೇ ವಾರ ಗಾದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಶಾಲೆಯಲ್ಲಿ ಗಾದೆ ವಿಸ್ತರಣೆ ಬರೆಯದವರು ಯಾರಿದ್ದಾರೆ! ಮನೆಯಿಂದ ಬರೆದುಕೊಂಡು ಬನ್ನಿ ಅಂದಿದ್ದರು. 12 ಜನರಲ್ಲಿ 11 ಜನ ಒಂದೇ ಥರ ಶುರು ಮಾಡಿದ್ದೆವು. "ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು." ಹನ್ನೆರಡನೆಯವನು ಬರೆದೇ ಇರಲಿಲ್ಲ. ಸರ್ ಅವನ ಬೆನ್ನು ತಟ್ಟಿ, "ಇವನೊಬ್ಬನ ಹಾಳಿ ಸ್ವಚ್ಛ ಐತಿ" ಅಂದರು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಕೊಟ್ಟ ದುಡ್ಡು ವಸೂಲಾದದ್ದು ಈ ಎರಡು ಗಂಟೆಯಲ್ಲಿ. ಸರ್ ಕೇಳಿದರು, ಈ ಗಾದೆಯಲ್ಲಿ ಏನೇನು ಇದೆ, ಬರೇ ಹೆಸರು ಹೇಳಿ. ಕುಂಬಾರ, ವರುಷ, ದೊಣ್ಣೆ, ನಿಮಿಷ. ಮುಗಿಯಿತು. ಹಾಗಾದರೆ ಏನಿಲ್ಲ? ಮೊದಲು ಯಾರಿಗೂ ಹೊಳೆಯಲಿಲ್ಲ. ಹಿಂದಿನ ಬೆಂಚಿನ ಒಬ್ಬಳು ಮೆಲ್ಲಗೆ ಅಂದಳು, "ಸರ್, ಗಡಿಗಿನ ಇಲ್ಲ." ಹೌದಲ್ಲ! ಮಡಕೆಯ ಬಗ್ಗೆ ಇರುವ ಗಾದೆಯಲ್ಲಿ ಮಡಕೆಯೇ ಇಲ್ಲ. ನಾವು ಎಲ್ಲರೂ ಮನಸ್ಸಿನಲ್ಲೇ ಮಡಕೆ ಇಟ್ಟುಕೊಂಡು ಓದಿದ್ದೇವೆ. ಆಮೇಲೆ ಇನ್ನೊಬ್ಬ, ಕ್ರಿಯಾಪದ ಇಲ್ಲ ಅಂದ. ಬೇಕು, ಸಾಕು, ಒಡೆಯುತ್ತದೆ, ಏನೂ ಇಲ್ಲ. ಆಮೇಲೆ ಸರ್ ಅವರೇ ಕೇಳಿದರು, ಒಂದು ಕಡೆ ಕುಂಬಾರ ಅನ್ನುವ ಮನುಷ್ಯ ಇದ್ದಾನೆ, ಇನ್ನೊಂದು ಕಡೆ ಬರೀ ದೊಣ್ಣೆ ಇದೆ, ದೊಣ್ಣೆ ಹಿಡಿದವನು ಎಲ್ಲಿ?

ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಜಗಳ ಶುರು. ದೊಣ್ಣೆ ಯಾರ ಕೈಯಲ್ಲಾದರೂ ಇರಬಹುದು, ಅದಕ್ಕೇ ಹೆಸರಿಲ್ಲ ಅಂತ ಒಬ್ಬರು. ಅಲ್ಲ, ಕಟ್ಟುವವನಿಗೆ ಹೆಸರಿರುತ್ತದೆ, ಕೆಡವುವವನು ಯಾವಾಗಲೂ ತಪ್ಪಿಸಿಕೊಳ್ಳುತ್ತಾನೆ, ಊರಿನ ಗಲಾಟೆಗಳಲ್ಲಿ ನೋಡಿಲ್ವಾ ಅಂತ ಇನ್ನೊಬ್ಬರು. ಹಾಗಾದರೆ ಗಾದೆ ಕೂಡ ಅವನನ್ನು ಬಚ್ಚಿಡುತ್ತಿದೆಯಾ, ಇಲ್ಲಾ ಬಚ್ಚಿಟ್ಟಿರುವುದನ್ನು ತೋರಿಸುತ್ತಿದೆಯಾ ಅಂತ ಮತ್ತೊಂದು ಪ್ರಶ್ನೆ. ಈ ನಡುವೆ ಛಂದಸ್ಸು ಚೆನ್ನಾಗಿ ಗೊತ್ತಿದ್ದ ಒಬ್ಬ ಬಿಎ ಹುಡುಗ ಇನ್ನೊಂದು ಸಂಗತಿ ಎತ್ತಿದ. ವರುಷ, ಮೂರು ಲಘು, ಅಂದರೆ ಒಂದೊಂದು ಮಾತ್ರೆಯ ಮೂರು ಗಿಡ್ಡ ಅಕ್ಷರ. ನಿಮಿಷ, ಅದೂ ಮೂರು ಲಘು. ಅಂದರೆ ಬಾಯಲ್ಲಿ ಹೇಳುವುದಕ್ಕೆ ವರುಷಕ್ಕೂ ನಿಮಿಷಕ್ಕೂ ಹಿಡಿಯುವ ಹೊತ್ತು ಒಂದೇ! ಎರಡೂ 'ಷ'ದಲ್ಲಿ ಮುಗಿಯುತ್ತವೆ. ತಕ್ಕಡಿಯ ಎರಡೂ ತಟ್ಟೆ ಸಮ ತೂಗಿದ ಹಾಗೆ ಕಿವಿಗೆ ಕೇಳಿಸುತ್ತದೆ, ಆದರೆ ಒಂದರಲ್ಲಿ ವರ್ಷ ಇದೆ, ಇನ್ನೊಂದರಲ್ಲಿ ನಿಮಿಷ ಇದೆ. ಕಿವಿ ಸಮ ಅನ್ನುತ್ತದೆ, ಬುದ್ಧಿ ಅನ್ಯಾಯ ಅನ್ನುತ್ತದೆ. ಗಾದೆ ಚುಚ್ಚುವುದು ಅಲ್ಲಿ. ಸರ್‌ಗೂ ಇದು ಹೊಸದೇ ಇರಬೇಕು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಹೇಳಿಸಿದರು.

ಒಳ್ಳೆಯದನ್ನು ಕಟ್ಟುವುದು ಕಷ್ಟ, ಕೆಡವುವುದು ಸುಲಭ ಅಂತ ನಾನು ಒಂದೂವರೆ ಪುಟ ಬರೆದಿದ್ದೆ. ಸುಳ್ಳೇನೂ ಅಲ್ಲ. ಆದರೆ ಅದರ ಪಕ್ಕ ಸರ್ ಪೆನ್ಸಿಲ್ಲಿನಲ್ಲಿ ಬರೆದದ್ದು: "ಇದನ್ನ ಯಾರರ ಅಲ್ಲ ಅಂತಾರೇನು?" ಯಾರೂ ಅಲ್ಲ ಅನ್ನದ ಮಾತು ಬರೆದರೆ ಏನೂ ಬರೆದ ಹಾಗಾಗಲಿಲ್ಲ ಅನ್ನುವುದು ಅವರ ಲೆಕ್ಕ. ಪಕ್ಕದಲ್ಲಿ ಕೂತವನು ತಲೆ ಎತ್ತಿ "ಹಾಗೇನಿಲ್ಲ" ಅನ್ನುವಂಥ ಒಂದು ಮಾತಾದರೂ ಪ್ರಬಂಧದಲ್ಲಿ ಇರಬೇಕು, ಆಮೇಲೆ ಹೌದು ಅಂತ ಅವನನ್ನು ಒಪ್ಪಿಸುವುದಕ್ಕೆ ಉಳಿದ ಪುಟಗಳು.

ಅವರ ತಿದ್ದುವ ರೀತಿಯ ಬಗ್ಗೆ ಹೇಳಬೇಕು. ಕೆಂಪು ಪೆನ್ನು ಇಲ್ಲ, ಅಂಕ ಇಲ್ಲ, ಒತ್ತಕ್ಷರದ ತಪ್ಪಿಗೆ ಅಡಿಗೆರೆ ಮಾತ್ರ. ಬದಿಯಲ್ಲಿ ಎರಡೇ ಪ್ರಶ್ನೆ. ಒಂದು, "ಎಲ್ಲೈತಿ?" ಅಂದರೆ ನೀನು ಹೇಳಿದ್ದು ಪದ್ಯದಲ್ಲಿ ಎಲ್ಲಿದೆ, ಯಾವ ಶಬ್ದದಲ್ಲಿದೆ, ತೋರಿಸು. ಇನ್ನೊಂದು, "ಏನಾತು?" ಅಂದರೆ ಇದೆ, ಸರಿ, ಅದರಿಂದ ಏನಾಯಿತು. ಎಂಟು ವಾರದ ಕ್ಲಾಸು ಅಂದರೆ ಈ ಎರಡು ಪ್ರಶ್ನೆ ಅಷ್ಟೇ ಅಂದರೂ ನಡೆಯುತ್ತದೆ. ಮೊದಲ ಮೂರು ವಾರ ನನ್ನ ಹಾಳೆ ತುಂಬಾ "ಎಲ್ಲೈತಿ". ಆಮೇಲೆ ಅದು ಕಡಿಮೆಯಾಗಿ "ಏನಾತು" ಜಾಸ್ತಿಯಾಯಿತು. ಅದೇ ಪ್ರಗತಿ ಅಂತ ಸಮಾಧಾನ ಮಾಡಿಕೊಂಡೆ.

ನಾಲ್ಕನೇ ವಾರ ಧೈರ್ಯ ಮಾಡಿ ನನ್ನ ಆ 9 ಅಂಕದ ಪ್ರಬಂಧ ತೆಗೆದುಕೊಂಡು ಹೋಗಿ ತೋರಿಸಿದೆ. ಸರ್ ಕೂತು ಪೂರ್ತಿ ಓದಿದರು. ಎರಡು ಪುಟ ಗದುಗಿನ ನಾರಣಪ್ಪ ಅನ್ನುವ ಅವನ ಹೆಸರು, ಅವನ ಊರು ಕೋಳಿವಾಡ, ವೀರನಾರಾಯಣ. ಒಂದು ಪುಟ ಕಂಬ. ಒದ್ದೆ ಬಟ್ಟೆ ಉಟ್ಟುಕೊಂಡು ಅದು ಆರುವವರೆಗೆ ಬರೆಯುತ್ತಿದ್ದ ಅನ್ನುವ ಕಥೆಗೆ ಅರ್ಧ ಪುಟ. ಉಳಿದದ್ದು ಅವನು ರೂಪಕ ಚಕ್ರವರ್ತಿ ಅನ್ನುವುದಕ್ಕೆ. "ತಂಗಿ," ಅಂದರು, "ಕಂಬ ಐತಿ, ಬಟ್ಟಿ ಐತಿ, ಗುಡಿ ಐತಿ. ಪದ್ಯ ಎಲ್ಲೈತಿ?" ರೂಪಕ ಚಕ್ರವರ್ತಿ ಅಂತ ಐದು ಸಲ ಬರೆದಿದ್ದೆ, ಒಂದು ರೂಪಕ ಕೂಡ ತೆಗೆದು ತೋರಿಸಿರಲಿಲ್ಲ. ನಗು ಬಂತು, ಅಳುವೂ ಬಂತು. ನಾನು ಕವಿಯ ಊರಿನವಳು ಅನ್ನುವ ಜಂಬದಲ್ಲಿ ಕವಿಯ ಸುತ್ತ ಪ್ರದಕ್ಷಿಣೆ ಹಾಕಿ ಹೊರಗಿನಿಂದಲೇ ವಾಪಸ್ ಬಂದಿದ್ದೆ.

ಮತ್ತೆ ಬರೆದೆ. ಈ ಸಲ ಅವನ ಭಾರತದ ವಿರಾಟಪರ್ವದಲ್ಲಿ ಕೀಚಕನ ಕಾಟ ತಾಳದೆ ದ್ರೌಪದಿ ರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುವ ಭಾಗ ಮಾತ್ರ ಇಟ್ಟುಕೊಂಡೆ. ಛಂದಸ್ಸಿನ ಹುಡುಗನನ್ನು ನೋಡಿ ನನಗೂ ಹುರುಪು ಬಂದಿತ್ತು. ಭಾಮಿನಿ ಷಟ್ಪದಿ ಅನ್ನುವ ಆರು ಸಾಲಿನ ಪದ್ಯ, ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ, ಮೂರು ಆರಕ್ಕೆ 23 ಅಂತ ಗಣ ಹಾಕಿ, ಗೆರೆ ಎಳೆದು ಚೆಂದ ಮಾಡಿ ತೋರಿಸಿದೆ. "ಏನಾತು?" ಎರಡನೇ ಸಲ ಬರೆದೆ. ಮೊದಲ ಎರಡು ಸಾಲಿನಲ್ಲಿ ತಡೆದು ತಡೆದು ಬರುವ ಅವಳ ಮಾತು ಉದ್ದದ ಮೂರನೇ ಸಾಲಿನಲ್ಲಿ ಹರಿಯುತ್ತದೆ, ಕೊನೆಯ ಗುರುವಿಗೆ, ಅಂದರೆ ಎರಡು ಮಾತ್ರೆಯ ಅಕ್ಷರಕ್ಕೆ ಬಂದು ಉಸಿರು ನಿಲ್ಲುತ್ತದೆ ಅಂದೆ. ನನಗೆ ಭಾರೀ ಹೆಮ್ಮೆ. ಸರ್ ಬರೆದರು: "ಛಲೋ ಐತಿ. ಆದರ ಇದು ಪುಸ್ತಕದ ಎಲ್ಲಾ ಪದ್ಯಕ್ಕೂ ಹೊಂದತೈತಿ. ಈ ಪದ್ಯಕ್ಕ ಯಾಕ?"

ಅವತ್ತು ನಿಜಕ್ಕೂ ಸಿಟ್ಟು ಬಂತು. ಒಂದು ವಾರ ಕ್ಲಾಸಿಗೆ ಹೋಗಲಿಲ್ಲ. (ಹೋಗದ ವಾರದ ದುಡ್ಡು ವಾಪಸ್ ಕೊಡುವುದಿಲ್ಲ, ಗಮನಿಸಿ.) ಆ ಭಾನುವಾರ ಅತ್ತೆ ಮನೆಗೆ ನಳ ಬರುವ ದಿನವೂ ಆಗಿತ್ತು. ಕೊಡ ತುಂಬಿಸುತ್ತಾ ಆ ಪದ್ಯಗಳನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಪಕ್ಕದ ಮನೆಯವರು ನೀರಿನ ಬಗ್ಗೆ ದೂರು ಹೇಳಬೇಕು, ಯಾರ ಮುಂದೆ ಹೇಳಿದರೆ ಕೆಲಸ ಆಗುತ್ತದೆ ಅಂತ ಅತ್ತೆಯ ಜೊತೆ ಚರ್ಚೆ ಮಾಡುತ್ತಿದ್ದರು. ಅವರಿಗೆ ಹೇಳಿದರೆ ನೋಡೋಣ ಅಂತಾರೆ, ಇವರಿಗೆ ಹೇಳಿದರೆ ನೀತಿ ಹೇಳ್ತಾರೆ, ಆ ಮೂಲೆಮನೆಯವನಿಗೆ ಹೇಳಿದರೆ ಮಾತ್ರ ಆತ ಎದ್ದು ಹೋಗುತ್ತಾನೆ. ಕೊಡ ಕೆಳಗಿಟ್ಟು ಒಳಗೆ ಓಡಿದೆ. ದ್ರೌಪದಿಗೆ ಗಂಡಂದಿರು ಐದು ಜನ. ಅವಳು ಎಬ್ಬಿಸಿದ್ದು ಒಬ್ಬನನ್ನು. ಅಂದರೆ ಅವಳ ಅಳುವಿಗೂ ಮೊದಲು ಒಂದು ಲೆಕ್ಕ ಇದೆ. ಯಾರ ಮುಂದೆ ಅತ್ತರೆ ಆ ಮನುಷ್ಯ ಎದ್ದು ನಿಲ್ಲುತ್ತಾನೆ ಅನ್ನುವುದು ಅವಳಿಗೆ ಗೊತ್ತು. ಹಾಗೆ ನೋಡಿದರೆ ಆ ಮಾತುಗಳು ಬರೀ ಸಂಕಟ ಅಲ್ಲ, ಒಬ್ಬನನ್ನು ಎಬ್ಬಿಸಲಿಕ್ಕೆ ಆಡಿದ ಮಾತು. ಎಬ್ಬಿಸುವುದು ಅಂದರೆ ನಿದ್ದೆಯಿಂದ ಮಾತ್ರ ಅಲ್ಲ.

ಇದನ್ನು ಕ್ಲಾಸಿನಲ್ಲಿ ಓದಿದಾಗ ಅರ್ಧ ಜನ ನನ್ನ ಮೇಲೆ ಬಿದ್ದರು. ಅವಳನ್ನು ಲೆಕ್ಕಾಚಾರದವಳು ಮಾಡಿಬಿಟ್ಟೆ, ಅವಳ ನೋವಿಗೆ ಬೆಲೆ ಇಲ್ವಾ ಅಂತ. ಲೆಕ್ಕ ಹಾಕಿದರೆ ನೋವು ಸುಳ್ಳಾಗುತ್ತದಾ ಅಂತ ನಾನು. ಯಾವ ಸಾಲಿನಲ್ಲಿ ಲೆಕ್ಕ ಇದೆ ತೋರಿಸು ಅಂತ ಅವರು. ಒಂದು ಗಂಟೆಗೆ ಮುಗಿಯಬೇಕಾದ ಕ್ಲಾಸು ಒಂದೂಮುಕ್ಕಾಲಾಯಿತು. ಖಾನಾವಳಿಯ ರೊಟ್ಟಿ ಬಡಿಯುವ ಸದ್ದು ಮೇಲಕ್ಕೆ ಕೇಳುತ್ತಿದ್ದರೂ ಯಾರೂ ಏಳಲಿಲ್ಲ. ಹಾಳೆಯ ಬದಿಯಲ್ಲಿ ಅವತ್ತು "ಏನಾತು" ಇರಲಿಲ್ಲ. "ಎಲ್ಲೈತಿ" ಮಾತ್ರ ಎರಡು ಕಡೆ ಇತ್ತು, ಅದು ನ್ಯಾಯವೇ.

ತಿದ್ದಿ ಬರೆಯುವುದರ ಬಗ್ಗೆ ಒಂದು ಮಾತು. ಪ್ರತಿ ಪ್ರಬಂಧವನ್ನೂ ಕನಿಷ್ಠ ಎರಡು ಸಲ ಬರೆಸುತ್ತಾರೆ, ಕೈಯಲ್ಲೇ, ಫುಲ್‌ಸ್ಕೇಪ್ ಹಾಳೆಯಲ್ಲಿ. ಮೂರನೇ ಸಲ ಬರೆಯಿರಿ ಅಂದಾಗ ನಾನು ಜಾಣತನ ತೋರಿಸಲು ಹೋದೆ. ಸರ್, ಕುಮಾರವ್ಯಾಸನೇ ಹೇಳಿಕೊಂಡಿದ್ದಾನಲ್ಲ, ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದ ಅಳಿಸಲಿಲ್ಲ ಅಂತ. ಸರ್ ತಲೆ ಕೂಡ ಎತ್ತದೆ, "ಅವ ಕುಮಾರವ್ಯಾಸ ಇದ್ದ. ನೀ ಅಳಸವಾ" ಅಂದರು.

ಕೆಎಎಸ್‌ಗೆ ಓದುವವರು ನಮ್ಮ ಬ್ಯಾಚಿನಲ್ಲಿ ನಾಲ್ಕು ಜನ ಇದ್ದರು. ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧದ ಪತ್ರಿಕೆಗೆ 250 ಅಂಕ ಇರುವುದರಿಂದ ಅವರಿಗೆ ಇದು ಸಣ್ಣ ಸಂಗತಿ ಅಲ್ಲ. ಸಾಹಿತ್ಯದ ಕ್ಲಾಸು ನಮಗ್ಯಾಕೆ ಅಂತ ಮೊದಲು ಗೊಣಗುತ್ತಿದ್ದರು, ಆಮೇಲೆ ಸುಮ್ಮನಾದರು. ರಾಣೆಬೆನ್ನೂರು ಕಡೆಯ ಒಬ್ಬರು ನೀರಿನ ಮೇಲೆ ಬರೆದ ಪ್ರಬಂಧ ನೆನಪಿದೆ. ಮೊದಲ ಸಲ "ನೀರು ಸಕಲ ಜೀವರಾಶಿಗಳಿಗೆ ಅಮೃತ" ಅಂತ ಶುರುವಾಗಿ "ಒಟ್ಟಾರೆಯಾಗಿ ಹೇಳುವುದಾದರೆ" ಅಂತ ಮುಗಿದಿತ್ತು. ಪೀಠಿಕೆಯನ್ನು ಕೊನೆಗೆ ಬರೆಯಿರಿ, ಏನು ಹೇಳುತ್ತೀರಿ ಅನ್ನುವುದು ನಿಮಗೇ ಗೊತ್ತಾಗುವ ಮೊದಲು ಪೀಠಿಕೆ ಹೇಗೆ ಬರೆಯುತ್ತೀರಿ ಅಂದರು ಸರ್. ಎರಡನೇ ಸಲ ಅವರು ಬರೆದುಕೊಂಡು ಬಂದದ್ದು ಅವರವ್ವ ಬೇಸಿಗೆಯಲ್ಲಿ ಬೋರ್‌ವೆಲ್ ಮುಂದೆ ಕೊಡಗಳನ್ನು ಸಾಲಿಗಿಟ್ಟು, ತಾನು ಹೊಲಕ್ಕೆ ಹೋದರೂ ಕೊಡದ ಪಾಳಿ ತಪ್ಪದ ಬಗ್ಗೆ. ಸಾಲಿನಲ್ಲಿ ಕೊಡ ನಿಂತರೆ ಮನುಷ್ಯ ನಿಂತ ಹಾಗೇ ಅಂತ ಊರು ಒಪ್ಪಿಕೊಂಡಿದೆ, ನೀರಿನ ಕಾನೂನು ಅಂದರೆ ಇದು ಅಂತ ಅಲ್ಲಿಂದ ಮುಂದೆ ಹೋಗಿದ್ದರು. ಪರೀಕ್ಷೆಯಲ್ಲಿ ಇದಕ್ಕೆ ಎಷ್ಟು ಅಂಕ ಸಿಗುತ್ತದೋ ನೋಡಬೇಕು. ಓದುವುದಕ್ಕೆ ಮಾತ್ರ ಎದ್ದು ಕೂರುವ ಹಾಗಿತ್ತು.

ವಿಮರ್ಶೆ ಪುಸ್ತಕ ಓದಬಾರದು ಅನ್ನುವವರಲ್ಲ ಅವರು. ಆದರೆ ಮೊದಲು ಪದ್ಯ, ಆಮೇಲೆ ನಿಮ್ಮ ಒಂದು ಪುಟ, ಅದಾದ ಮೇಲೆ ವಿಮರ್ಶಕರು. ನಾನು ತಿರುಗಾ ಮುರುಗಾ ಮಾಡುತ್ತಿದ್ದೆ. ನಮ್ಮ ಗದಗಿನವರೇ ಆದ ಕೀರ್ತಿನಾಥ ಕುರ್ತಕೋಟಿಯವರನ್ನು ಮೊದಲು ಓದಿ, ಅವರ ಮಾತನ್ನೇ ಸ್ವಲ್ಪ ಕುಲುಕಿ ನನ್ನದು ಅಂತ ಬರೆಯುತ್ತಿದ್ದೆ. ಸರ್‌ಗೆ ಎರಡೇ ಸಾಲಿನಲ್ಲಿ ಗೊತ್ತಾಗಿಬಿಡುತ್ತಿತ್ತು. ನನ್ನ ಪುಟ ಬರೆದ ಮೇಲೆ ವಿಮರ್ಶಕರನ್ನು ಓದಿದರೆ ಮಜಾ ಬೇರೆ. ಒಂದು ಕಡೆ ಅವರೂ ನನ್ನ ಹಾಗೇ ಅಂದಿದ್ದಾರೆ ಅಂತ ಖುಷಿ, ಇನ್ನೊಂದು ಕಡೆ ಇದು ನನಗೆ ಕಾಣಲೇ ಇಲ್ಲವಲ್ಲ ಅಂತ ಹೊಟ್ಟೆಕಿಚ್ಚು. ಪುಸ್ತಕ ಬೇಕಾದವರಿಗೆ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ ಇದ್ದೇ ಇದೆ. 1933ರಿಂದ ಪುಸ್ತಕ ಪ್ರಕಟಿಸುತ್ತಾ ಬಂದವರು. ಧಾರವಾಡದಲ್ಲಿದ್ದು ಅಲ್ಲಿ ಮೆಟ್ಟಿಲು ಹತ್ತದೆ ಕನ್ನಡ ಎಂಎ ಮುಗಿಸಬೇಡಿ, ಇದು ಕ್ಲಾಸಿಗೆ ಸಂಬಂಧ ಇಲ್ಲದ ನನ್ನ ಸಲಹೆ.

ಇನ್ನು ದೂರುಗಳು. ಕಡಿಮೆ ಏನಿಲ್ಲ.

ಹಾಳೆ ತಿದ್ದಿ ಕೊಡುವುದು ತಡ. ಮುಂದಿನ ಭಾನುವಾರ ಅಂದದ್ದು ಎರಡು ವಾರ ಆಗುತ್ತದೆ. ಅಷ್ಟರಲ್ಲಿ ನಾನು ಏನು ಬರೆದಿದ್ದೆ ಅನ್ನುವುದೇ ಮರೆತಿರುತ್ತದೆ. ಗಾದೆಯ ಮೇಲೆ ನಾನು ಎರಡನೇ ಸಲ ಬರೆದ ಹಾಳೆ ಕಳೆದೇ ಹೋಯಿತು, ಕೇಳಿದರೆ "ಮನ್ಯಾಗ ಎಲ್ಲೋ ಇರ್ತೈತಿ" ಅಂದರು. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳದಿದ್ದದ್ದು ನನ್ನ ತಪ್ಪು, ನೀವು ತೆಗೆದಿಟ್ಟುಕೊಳ್ಳಿ. ಎರಡನೆಯದು, ಹಳೆಯ ಧಾರವಾಡದ ಕಥೆ. ಒಮ್ಮೆ ಕವಿ ಬೇಂದ್ರೆ ಇದ್ದ ಸಾಧನಕೇರಿ ಅಂತ ಬಾಯಿ ತೆಗೆದರೆ ಬೇಂದ್ರೆಯವರು ಛತ್ರಿ ಹಿಡಿದು ನಡೆಯುತ್ತಿದ್ದದ್ದು, ಮಳೆ, ಆಗಿನ ಸಭೆಗಳು ಅಂತ ಅರ್ಧ ಗಂಟೆ ಹೋಗಿಬಿಡುತ್ತದೆ. ಕೇಳಲಿಕ್ಕೆ ಚಂದ, ಸುಳ್ಳು ಹೇಳುವುದಿಲ್ಲ. ಆದರೆ ಕವಿಯ ಸುತ್ತ ಪ್ರದಕ್ಷಿಣೆ ಹಾಕಬೇಡ ಅಂತ ನನಗೆ ಹೇಳಿದವರು ಇವರೇ ಅಲ್ವಾ? ಒಂದು ಸಲ ಧೈರ್ಯ ಮಾಡಿ "ಸರ್, ಏನಾತು?" ಅಂದೆ. ಕ್ಲಾಸು ನಕ್ಕಿತು, ಅವರೂ ನಕ್ಕರು, ಮುಂದಿನ ವಾರ ಮತ್ತೆ ಸಾಧನಕೇರಿ.

ಮೂರನೆಯದು ಜಾಗ. ಮೊದಲ ಮಹಡಿ, ಮೆಟ್ಟಿಲು ಕಡಿದಾಗಿದೆ, ಮೊಣಕಾಲು ನೋವಿದ್ದವರಿಗೆ ಕಷ್ಟ. ಬಾತ್‌ರೂಮಿನ ಕೀಲಿ ಝೆರಾಕ್ಸ್ ಅಂಗಡಿಯಲ್ಲಿ ಕೇಳಿ ಇಸಿದುಕೊಳ್ಳಬೇಕು. ಕರೆಂಟು ಹೋದರೆ ಫ್ಯಾನಿಲ್ಲ. ಗಾಡಿ ನಿಲ್ಲಿಸಲು ಜಾಗ ಇಲ್ಲ, ರಸ್ತೆ ಮೇಲೆ ಬಿಟ್ಟರೆ ನಿಮ್ಮ ಪುಣ್ಯ.

ಇನ್ನೊಂದು ಸ್ವಲ್ಪ ಗಂಭೀರವಾದದ್ದು. ಇಲ್ಲಿ ಕಲಿತ ಹಾಗೆ ಬರೆದರೆ ಎಲ್ಲ ಕಡೆ ಅಂಕ ಬರುತ್ತದೆ ಅಂದುಕೊಳ್ಳಬೇಡಿ. ಮುಂದಿನ ಇಂಟರ್ನಲ್‌ನಲ್ಲಿ ಒಂದು ವಿಷಯಕ್ಕೆ 20ಕ್ಕೆ 15 ಬಂತು. ಇನ್ನೊಂದಕ್ಕೆ 10. ಯಾಕೆ ಅಂತ ಕೇಳಿದರೆ, ಕವಿ ಕಾವ್ಯ ಪರಿಚಯ ಬರೆದಿಲ್ಲ, ನೇರ ಪದ್ಯಕ್ಕೆ ಹೋಗಿದ್ದೀಯ ಅಂದರು. ಮೊದಲು ಪರಿಚಯ ಜಾಸ್ತಿ ಆಯಿತು ಅಂತ ಕಡಿಮೆ, ಈಗ ಇಲ್ಲ ಅಂತ ಕಡಿಮೆ. ಸರ್ ಹತ್ತಿರ ಗೋಳು ಹೇಳಿಕೊಂಡೆ. "ಪರೀಕ್ಷಾದಾಗ ನಾಕ ಸಾಲ ಪರಿಚಯ ಬರಿ. ಅದು ಟೋಲ್ ಇದ್ದಂಗ, ಕೊಟ್ಟು ಮುಂದ ಹೋಗು" ಅಂದರು. ಪ್ರಾಯೋಗಿಕ ಸಲಹೆ, ಆದರೆ ಇದನ್ನು ಮೊದಲ ವಾರವೇ ಹೇಳಿದ್ದರೆ ನನ್ನ ಐದು ಅಂಕ ಉಳಿಯುತ್ತಿತ್ತು.

ಅಂಕ ಬಿಟ್ಟು ಏನಾಯಿತು ಅಂದರೆ, ಓದುವುದು ನಿಧಾನ ಆಗಿದೆ. ಮೊದಲು ದಿನಕ್ಕೆ ನಲವತ್ತು ಪುಟ ಓದುತ್ತಿದ್ದವಳು ಈಗ ಹದಿನೈದಕ್ಕೆ ನಿಲ್ಲುತ್ತೇನೆ. ಯಾರು ಮಾತಾಡುತ್ತಿದ್ದಾರೆ, ಯಾರ ಮುಂದೆ, ಇಲ್ಲಿ ಯಾವ ಶಬ್ದ ಇರಬೇಕಿತ್ತು ಆದರೆ ಇಲ್ಲ ಅಂತ ತಲೆಯಲ್ಲಿ ಓಡುತ್ತಿರುತ್ತದೆ. ಮದುವೆ ಪತ್ರಿಕೆ ಬಂದರೂ ಹಾಗೇ ಓದುತ್ತೇನೆ. ಅಪ್ಪ ಗದಗಿನಿಂದ ಫೋನ್ ಮಾಡಿ, "ನಿಬಂಧ ಬರಿಯೋದು ಕಲತಿ?" ಅಂತ ಕೇಳಿದರು, ಅವರಿಗೆ ಈಗಲೂ ಅದು ನಿಬಂಧವೇ. ಕಲಿತೆ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಅಳಿಸುವುದು ಕಲಿತೆ ಅಂದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹಾಳೆ ಕಳೆದದ್ದಕ್ಕೆ ಅರ್ಧ, ಮೆಟ್ಟಿಲಿಗೆ ಅರ್ಧ ಕಡಿತ. ಕನ್ನಡ ಬಿಎ, ಎಂಎ ಓದುವವರು, ಪರೀಕ್ಷೆಗೆ ಕನಿಷ್ಠ ನಾಲ್ಕು ತಿಂಗಳು ಇರುವ ಕೆಎಎಸ್‌ನವರು ಹೋಗಬಹುದು. ಪಿಯು ಮಕ್ಕಳಿಗೆ ಬೇಡ, ಅವರಿಗೆ ಈಗ ಸ್ವಾರಸ್ಯ ಬರೆದು ಅಂಕ ತೆಗೆಯಲಿಕ್ಕೆ ಬಿಡಿ. ಎದುರು ಮಾತು ಕೇಳಿದರೆ ಮುಖ ಸಣ್ಣ ಮಾಡಿಕೊಳ್ಳುವವರು ಎರಡನೇ ವಾರಕ್ಕೇ ಬಿಡುತ್ತಾರೆ, ನಮ್ಮ ಬ್ಯಾಚಿನಲ್ಲೂ ಇಬ್ಬರು ಬಿಟ್ಟರು. ಮುಂದಿನ ಬ್ಯಾಚು ದೀಪಾವಳಿ ಆದ ಮೇಲೆ ಶುರುವಂತೆ. 20 ಜನರನ್ನು ತೆಗೆದುಕೊಳ್ಳುತ್ತೇನೆ ಅಂತಿದ್ದಾರೆ, ಅದು ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. 12 ಜನರ ಹಾಳೆಯೇ ಕಳೆಯುತ್ತಿದ್ದವು. ವಿಳಾಸ ಬೇಕಾದವರು ಸಪ್ತಾಪುರದ ಯಾವುದೇ ರೀಡಿಂಗ್ ರೂಮಿನಲ್ಲಿ "ಏನಾತು ಸರ್ ಕ್ಲಾಸು ಎಲ್ಲಿ" ಅಂತ ಕೇಳಿ, ತೋರಿಸುತ್ತಾರೆ.

ಹೋಗುವಾಗ ಬರೆಯುವ ಪ್ಯಾಡ್ ತೆಗೆದುಕೊಂಡು ಹೋಗಿ. ಕುರ್ಚಿಗಳ ಹಲಗೆ ಎಲ್ಲವೂ ಬಲಗೈಯವರಿಗೆ ಮಾಡಿದ್ದು. ನಿಮ್ಮದೂ ನನ್ನ ಹಾಗೆ ಎಡಗೈ ಆದರೆ ಹತ್ತು ನಿಮಿಷ ಮೊದಲೇ ಹೋಗಿ ಕಿಟಕಿ ಪಕ್ಕದ ಕುರ್ಚಿ ಹಿಡಿಯಿರಿ. ಅದರ ಹಲಗೆ ಮುರಿದು ಹೋಗಿದೆ.